ಮೀಡಿಯಾ ಮೇಷ್ಟ್ರಾಗುವ ಆಸೆ: 32ಕ್ಕೆ ಶುರು ಮಾಡಬಹುದಾ?

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ ಕಡೆ ಕಾಲೇಜಿನಲ್ಲಿ ಪಾಠ ಮಾಡುವವರು ಈ ಗುಂಪಿನಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನಗೆ 32. ಚಿಕ್ಕ ಕ್ಲಾಸುಗಳು ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ, ಆಮೇಲೆ ಇಂಗ್ಲಿಷ್ ಮೀಡಿಯಂ, ಆಮೇಲೆ ಬಿಎಂಎಂ (ಮಾಸ್ ಮೀಡಿಯಾ ಡಿಗ್ರಿ), ಜರ್ನಲಿಸಂ ಎಂಎ. ಎಂಎಯಲ್ಲಿ 58 ಪರ್ಸೆಂಟ್. ಓದು ಮುಗಿದಾಗಿನಿಂದ ಜಾಹೀರಾತು ಕಂಪನಿಯೊಂದರ ಭಾಷಾ ವಿಭಾಗದಲ್ಲಿದ್ದೇನೆ. ಹಿಂದಿಯಲ್ಲಿ ಬಂದ ಸ್ಕ್ರಿಪ್ಟನ್ನು ಕನ್ನಡ, ಮರಾಠಿಗೆ ಒಗ್ಗಿಸುವುದು ಕೆಲಸ. ಸಾಬೂನಿನ ಜಾಹೀರಾತಿನಲ್ಲಿ ದೆಹಲಿಯ ಅತ್ತೆ ಸೊಸೆಯನ್ನು ಹುಬ್ಬಳ್ಳಿ ಅತ್ತೆ ಸೊಸೆ ಮಾಡಬೇಕು, ಆದರೆ ಅಡುಗೆಮನೆ, ತಟ್ಟೆ, ಚಪಾತಿ ಎಲ್ಲ ದೆಹಲಿಯದ್ದೇ ಇರುತ್ತದೆ, ಯಾಕಂದ್ರೆ ಇನ್ನೊಂದು ಸಲ ಶೂಟ್ ಮಾಡೋಕೆ ಕ್ಲೈಂಟ್ ದುಡ್ಡು ಬಿಚ್ಚಲ್ಲ.

ಈಚೆಗೆ ಒಂದು ಕಾಲೇಜಿನವರು ಗೆಸ್ಟ್ ಲೆಕ್ಚರ್‌ಗೆ ಕರೆದರು. ಇದೇ ಕಥೆ ಹೇಳಿದೆ. ಮಕ್ಕಳು ಬಿಡಲಿಲ್ಲ. ‘ಹಾಗಾದ್ರೆ ಹುಬ್ಬಳ್ಳಿಯಲ್ಲಿ ಅದನ್ನ ನೋಡೋರಿಗೆ ಇದು ನಮ್ಮ ಮನೆಯಲ್ಲ ಅಂತ ಗೊತ್ತಾಗಲ್ವಾ, ಗೊತ್ತಾದ್ರೂ ಸಾಬೂನು ಕೊಳ್ತಾರಾ’ ಅಂತ ಒಬ್ಬಳು ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಯಾರ ಹತ್ತಿರ ಇದೆ ಅಂತ ಹುಡುಕುತ್ತಾ ಹೋದೆ, ಹಾಗೆ ಈ ಇಂಟರ್‌ಕಲ್ಚರಲ್ ಕಮ್ಯುನಿಕೇಶನ್, ಅಂದ್ರೆ ಬೇರೆ ಬೇರೆ ಸಂಸ್ಕೃತಿಯವರ ನಡುವಿನ ಸಂವಹನ ಅನ್ನೋ ವಿಷಯದ ಬಾಗಿಲಿಗೆ ಬಂದು ನಿಂತಿದ್ದೇನೆ. ಪ್ರೊಫೆಸರ್ ಆಗಬೇಕು ಅನ್ನಿಸಿದೆ.

ನನ್ನ ಪ್ರಶ್ನೆಗಳು ಇಷ್ಟೇ. ಜೆಆರ್‌ಎಫ್‌ಗೆ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) 30 ದಾಟಬಾರದು ಅಂತಾರೆ, ಹಾಗಾದ್ರೆ ನನ್ನ ಗಾಡಿ ತಪ್ಪಿತಾ? ಪಿಎಚ್‌ಡಿ ಇಲ್ಲದೆ ಕೆಲಸ ಸಿಗುತ್ತಾ? ಇಂಡಸ್ಟ್ರಿ ಅನುಭವಕ್ಕೆ ಬೆಲೆ ಇದೆಯಾ? ಮತ್ತೆ ಮುಖ್ಯವಾಗಿ, ನನಗೆ ಬರುವ ಕನ್ನಡದಿಂದ ಈ ಫೀಲ್ಡಿನಲ್ಲಿ ಏನಾದ್ರೂ ಉಪಯೋಗ ಇದೆಯಾ, ಅಥವಾ ಎಲ್ಲ ಇಂಗ್ಲಿಷ್ ಪುಸ್ತಕ ಓದಿ ಇಂಗ್ಲಿಷಲ್ಲೇ ಬರೆಯೋದಾ?

ಮನೆಯಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ. ಸಾಲದ ಕಂತು ಬೇರೆ ಇದೆ.

ಕೋಥ್ರೂಡ್ ಮೇಷ್ಟ್ರು

ಗಾಡಿ ತಪ್ಪಿಲ್ಲ ಮೇಡಂ. ಜೆಆರ್‌ಎಫ್‌ಗೆ 30 ಅನ್ನೋದು ಸಾಮಾನ್ಯ ಮಿತಿ, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. ಅಂದರೆ ನಿಮಗೆ 35ರ ತನಕ ಅವಕಾಶ. ಬರೀ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗಾದ್ರೆ ವಯಸ್ಸಿನ ಮಿತಿಯೇ ಇಲ್ಲ. ಎಂಎಯಲ್ಲಿ 55 ಪರ್ಸೆಂಟ್ ಬೇಕು, ಅದೂ ನಿಮಗಿದೆ. ಎರಡಕ್ಕೂ ಬರೆಯಬೇಕಾದ ಪರೀಕ್ಷೆ ನೆಟ್, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮೊದಲ ಪೇಪರ್ 50 ಪ್ರಶ್ನೆ, ಎರಡನೇದು 100 ಪ್ರಶ್ನೆ, ಒಟ್ಟು 300 ಮಾರ್ಕು, ಮೂರು ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ವಿಷಯ ಆರಿಸುವಾಗ ‘ಮಾಸ್ ಕಮ್ಯುನಿಕೇಶನ್ ಅಂಡ್ ಜರ್ನಲಿಸಂ’.

ಜೆಆರ್‌ಎಫ್ ಬಂದರೆ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ಡೊಂಬಿವಲಿಯಲ್ಲಿ ಕಂತು ಕಟ್ಟಿಕೊಂಡು ಅದರಲ್ಲಿ ಹೇಗೆ ಬದುಕೋದು ಅನ್ನೋದು ಬೇರೆ ಮಾತು, ಆದರೆ ಜೆಆರ್‌ಎಫ್ ತಗೊಂಡು ಜೊತೆಗೆ ಈಗಿನ ನೌಕರಿ ಮಾಡ್ತೀನಿ ಅಂದರೆ ನಡೆಯಲ್ಲ.

ಪಿಎಚ್‌ಡಿ ಬಗ್ಗೆ: 2023ರ ಜುಲೈನಲ್ಲಿ ಯುಜಿಸಿ (ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಆಯೋಗ) ನಿಯಮ ಬದಲಿಸಿತು. ನೆಟ್ ಅಥವಾ ರಾಜ್ಯ ಮಟ್ಟದ ಸೆಟ್ ಆಗಿದ್ದರೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಪಿಎಚ್‌ಡಿ ಕಡ್ಡಾಯ ಅಲ್ಲ. ಆದರೆ ಕಾಗದದ ಮೇಲೆ ಕಡ್ಡಾಯ ಅಲ್ಲ ಅಷ್ಟೇ, ಇಂಟರ್‌ವ್ಯೂ ಹಾಲಿನ ಹೊರಗೆ ಕೂತವರಲ್ಲಿ ಅರ್ಧಕ್ಕರ್ಧ ಜನ ಡಾಕ್ಟರ್ ಇರುತ್ತಾರೆ. ಮುಂದೆ ಅಸೋಸಿಯೇಟ್ ಆಗಬೇಕು ಅಂದರೆ ಪಿಎಚ್‌ಡಿ ಬೇಕೇ ಬೇಕು. ಇನ್ನೊಂದು ವಿಷಯ, ಮಹಾರಾಷ್ಟ್ರದ ಸೆಟ್ ಮಹಾರಾಷ್ಟ್ರ ಮತ್ತು ಗೋವಾಕ್ಕೆ ಮಾತ್ರ. ನಾಳೆ ಮಂಗಳೂರಿಗೋ ಧಾರವಾಡಕ್ಕೋ ಹೋಗ್ತೀನಿ ಅಂದರೆ ಅದು ನಡೆಯಲ್ಲ, ನೆಟ್ ಎಲ್ಲ ಕಡೆ ನಡೆಯುತ್ತದೆ. ಎರಡೂ ಬರೆಯಿರಿ.

ಈಗ ಯಾರೂ ಹೇಳದ ಮಾತು. ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700 ಅಂತ ಇಂಟರ್‌ನೆಟ್‌ನಲ್ಲಿ ನೋಡಿ ಖುಷಿಪಡುತ್ತಾರೆ. ಅದು ಅನುದಾನಿತ ಹುದ್ದೆಗೆ. ಮುಂಬೈಯಲ್ಲಿ ನೀವು ಓದಿದ ಬಿಎಂಎಂ, ಈಗ ಬಿಎಎಂಎಂಸಿ ಅಂತಾರಲ್ಲ, ಅದು ಬಹುಪಾಲು ಕಾಲೇಜುಗಳಲ್ಲಿ ಸೆಲ್ಫ್ ಫೈನಾನ್ಸ್ ಕೋರ್ಸು. ಮಕ್ಕಳ ಫೀಸಿನಿಂದ ನಡೆಯುತ್ತದೆ. ಅಲ್ಲಿ ಸರ್ಕಾರದ ಸ್ಕೇಲ್ ಇರಲ್ಲ, ಮ್ಯಾನೇಜ್‌ಮೆಂಟ್ ಕೊಟ್ಟಷ್ಟು. ಇಲ್ಲವಾದ್ರೆ ಸಿಎಚ್‌ಬಿ, ಗಂಟೆ ಲೆಕ್ಕದ ಮೇಷ್ಟ್ರು. ನಾನೇ ಪುಣೆಯಲ್ಲಿ ಎರಡು ಕಾಲೇಜಿನ ನಡುವೆ ಸ್ಕೂಟರ್ ಓಡಿಸಿಕೊಂಡು ಸಿಎಚ್‌ಬಿ ಮಾಡಿದವನು. ದೀಪಾವಳಿ ರಜೆಗೆ ಸಂಬಳ ಇಲ್ಲ, ಮೇ ತಿಂಗಳಿಗೆ ಇಲ್ಲ, ಮಕ್ಕಳು ಬಂಕ್ ಮಾಡಿ ಕ್ಲಾಸ್ ನಡೆಯದಿದ್ದರೂ ಇಲ್ಲ. ಬಿಲ್ಲು ಪಾಸಾಗಿ ಬರುವಾಗ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತಿತ್ತು.

ಪಾಠ ಮಾಡೋದು ಮಾತ್ರ ಇಷ್ಟ. ಅದರಲ್ಲಿ ಎರಡು ಮಾತಿಲ್ಲ.

ಅಂಧೇರಿ ಕಾಪಿರೈಟರ್

ಬೇಡ. ಸುಮ್ನೆ ಇರುವ ಕೆಲಸ ಮಾಡಿ. ಎಂಟು ಹತ್ತು ವರ್ಷದ ಅನುಭವ ಇರೋರು ಗಂಟೆ ಲೆಕ್ಕದಲ್ಲಿ ಪಾಠ ಮಾಡೋಕೆ ಹೋಗೋದು ಹುಚ್ಚು. ಅಷ್ಟೇ ಆಸೆ ಇದ್ದರೆ ‘ಪ್ರೊಫೆಸರ್ ಆಫ್ ಪ್ರ್ಯಾಕ್ಟೀಸ್’ ಅಂತ ಇದೆ, ನೆಟ್ಟೂ ಬೇಡ ಪಿಎಚ್‌ಡಿಯೂ ಬೇಡ. ಸೀನಿಯರ್ ಆದ ಮೇಲೆ ಆ ದಾರಿಯಲ್ಲಿ ಹೋಗಿ. ಶನಿವಾರ ಪಾಠ, ಉಳಿದ ದಿನ ಸಂಬಳ.

ಕೋಥ್ರೂಡ್ ಮೇಷ್ಟ್ರು

@ಅಂಧೇರಿ ಕಾಪಿರೈಟರ್ ಅದಕ್ಕೆ 15 ವರ್ಷದ ಅನುಭವ ಕೇಳುತ್ತಾರೆ, ಅದೂ ಹೆಚ್ಚಾಗಿ ಹಿರಿಯ ಹುದ್ದೆಯಲ್ಲಿ. ಅವಧಿ ಗರಿಷ್ಠ ನಾಲ್ಕು ವರ್ಷ. ಮಂಜೂರಾದ ಹುದ್ದೆಗಳ ಹತ್ತು ಪರ್ಸೆಂಟ್ ದಾಟುವ ಹಾಗಿಲ್ಲ. ಅದು ರಿಟೈರಾಗುವ ಸಂಪಾದಕರಿಗೆ, ಸಿಇಒಗಳಿಗೆ ಸರಿ. ಇವರು ಕೇಳ್ತಿರೋದು ಪೂರ್ತಿ ಜೀವನದ ಕೆಲಸ.

ಮಾಟುಂಗಾ ಹಳೇ ಮೇಷ್ಟ್ರು

ತಡವಾಗಿ ನೋಡಿದೆ. ನಾನು ಈ ಕೆಲಸದಿಂದ ನಿವೃತ್ತಿಯಾಗಿ ಕೆಲವು ವರ್ಷ ಆಯಿತು. ದುಡ್ಡಿನ ವಿಚಾರ ಪುಣೆಯವರು ಸರಿಯಾಗಿಯೇ ಹೇಳಿದ್ದಾರೆ, ನಾನು ವಿಷಯದ ಬಗ್ಗೆ ಮಾತಾಡುತ್ತೇನೆ, ಯಾಕಂದ್ರೆ ಮೂವತ್ತು ವರ್ಷ ಒಂದೇ ವಿಷಯದ ಜೊತೆ ಸಂಸಾರ ಮಾಡಬೇಕಾದವಳು ನೀನು ತಂಗಿ.

ಇಂಟರ್‌ಕಲ್ಚರಲ್ ಕಮ್ಯುನಿಕೇಶನ್ ಅನ್ನೋ ಶಾಸ್ತ್ರ ಹುಟ್ಟಿದ್ದು ಎಲ್ಲಿ ಅಂತ ಮೊದಲು ತಿಳಿದುಕೋ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ರಾಯಭಾರ ಕಚೇರಿಗಳಿಗೆ ಹೋಗುವವರಿಗೆ ತರಬೇತಿ ಕೊಡಲು ವಿದೇಶಾಂಗ ಇಲಾಖೆ ಒಂದು ಸಂಸ್ಥೆ ನಡೆಸುತ್ತಿತ್ತು. ಅಲ್ಲಿ 1950ರ ದಶಕದ ಮೊದಲರ್ಧದಲ್ಲಿ ಪಾಠ ಮಾಡುತ್ತಿದ್ದವನು ಎಡ್ವರ್ಡ್ ಹಾಲ್ ಅನ್ನೋ ಮಾನವಶಾಸ್ತ್ರಜ್ಞ. ಬುಡಕಟ್ಟು, ಮದುವೆ, ನಂಬಿಕೆ ಅಂತ ದೊಡ್ಡ ದೊಡ್ಡ ಥಿಯರಿ ಹೇಳಿದರೆ ಆ ಅಧಿಕಾರಿಗಳು ಕೇಳುತ್ತಿರಲಿಲ್ಲ. ನಾಳೆ ಮೀಟಿಂಗಿನಲ್ಲಿ ಎಷ್ಟು ದೂರ ನಿಲ್ಲಬೇಕು, ಅರ್ಧ ಗಂಟೆ ಕಾಯಿಸಿದರೆ ಅದು ಅವಮಾನವೋ ಅಲ್ಲವೋ, ಅಷ್ಟು ಹೇಳು ಅಂದರು. ಹಾಗಾಗಿ ಈ ಶಾಸ್ತ್ರಕ್ಕೆ ಹುಟ್ಟಿನಿಂದಲೇ ‘ಕೆಲಸಕ್ಕೆ ಬರುವ ಟಿಪ್ಸ್’ ಕೊಡುವ ಗುಣ ಬಂತು. ಇವತ್ತು ಸಾಫ್ಟ್‌ವೇರ್ ಕಂಪನಿಗಳಲ್ಲಿ ‘ಜರ್ಮನ್ನರ ಜೊತೆ ಹೇಗೆ ಮಾತಾಡಬೇಕು’ ಅಂತ ಒಂದು ದಿನದ ಟ್ರೇನಿಂಗ್ ಕೊಡುತ್ತಾರಲ್ಲ, ಅದು ಇದೇ ವಂಶದ್ದು.

ಹಾಲ್ ಲೆಕ್ಕದಲ್ಲಿ ಒಂದೂವರೆ ಅಡಿಗಿಂತ ಹತ್ತಿರ ಬರುವವರು ತೀರಾ ಆಪ್ತರು. ಬೆಳಿಗ್ಗೆ ಎಂಟೂವರೆಗೆ ನಿನ್ನ ಡೊಂಬಿವಲಿ ಗಾಡಿಯಲ್ಲಿ ಎಷ್ಟು ಜನ ಆಪ್ತರು ಇರುತ್ತಾರೆ ನೋಡು! ತುಂಬಿದ ರೈಲಿನಲ್ಲಿ ಜನ ಮೈ ಬಿಗಿ ಹಿಡಿದು, ಕಣ್ಣು ಎಲ್ಲೋ ನೆಟ್ಟು ನಿಲ್ಲುತ್ತಾರೆ ಅಂತ ಅವನೂ ಬರೆದಿದ್ದಾನೆ. ನಮ್ಮ ಲೇಡೀಸ್ ಡಬ್ಬಿಯಲ್ಲಿ ಬಿಗಿ ಹಿಡಿಯೋದು ಎಲ್ಲಿಂದ ಬಂತು, ಅಲ್ಲಿ ತೊಗರಿಕಾಯಿ ಸುಲಿಯುತ್ತಾರೆ, ಗುರುತಿಲ್ಲದವರ ತೊಡೆ ಮೇಲೆ ಮಗು ಕೂರಿಸುತ್ತಾರೆ, ಅದೇ ಡಬ್ಬಿಯಲ್ಲಿ ನಾಲ್ಕನೇ ಸೀಟಿಗಾಗಿ ಜಗಳವನ್ನೂ ಆಡುತ್ತಾರೆ. ಇದನ್ನು ಕುಳಿತು ಬರೆಯುವವರು ಬೇಕು.

ಆಮೇಲೆ ಹಾಫ್‌ಸ್ಟೆಡ್. ಐಬಿಎಂ ಕಂಪನಿಯ ನೌಕರರಿಗೆ 1967ರಿಂದ 1973ರ ನಡುವೆ ಪ್ರಶ್ನಾವಳಿ ಹಂಚಿ, 1980ರಲ್ಲಿ ದೇಶ ದೇಶದ ಸಂಸ್ಕೃತಿಗೆ ಅಂಕ ಕೊಟ್ಟವನು. ಅಧಿಕಾರದ ಅಂತರದಲ್ಲಿ, ಅಂದರೆ ಮೇಲಿನವರು ಕೆಳಗಿನವರು ಅನ್ನೋ ಭೇದವನ್ನು ಜನ ಎಷ್ಟು ಒಪ್ಪಿಕೊಳ್ಳುತ್ತಾರೆ ಅನ್ನೋದರಲ್ಲಿ, ಭಾರತಕ್ಕೆ 77. ಐಬಿಎಂ ಆಫೀಸಿನಲ್ಲಿ ಟೈ ಕಟ್ಟಿಕೊಂಡವರು ತುಂಬಿದ ಫಾರಂನಿಂದ ಬಂದ ಅಂಕ ಮಾಟುಂಗಾದ ಉಡುಪಿ ಹೋಟೆಲಿನ ಮಾಲೀಕನಿಗೂ ಅದೇ, ಅಲ್ಲಿ ಟೇಬಲ್ ಒರೆಸುವ ಹುಡುಗನಿಗೂ ಅದೇ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡು, ನಂಬಬೇಡ.

ಇನ್ನೊಬ್ಬ ಹಾಲ್ ಇದ್ದಾನೆ, ಸ್ಟುವರ್ಟ್ ಹಾಲ್. ಜಮೈಕಾದಲ್ಲಿ ಹುಟ್ಟಿ ಬ್ರಿಟನ್‌ಗೆ ಬಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಸ್ಕೃತಿ ಅಧ್ಯಯನ ಕೇಂದ್ರ ನಡೆಸಿದವನು. ಮಕ್ಕಳು ಉತ್ತರಪತ್ರಿಕೆಯಲ್ಲಿ ಇಬ್ಬರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿಬಿಡುತ್ತಾರೆ, ತಿದ್ದಿ ತಿದ್ದಿ ಸಾಕಾಗಿದೆ. ಇವನು 1973ರಲ್ಲಿ ಹೇಳಿದ್ದು ನಿನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ತೀರಾ ಹತ್ತಿರ. ಟಿವಿಯಲ್ಲಿ ಕಟ್ಟಿದ ಅರ್ಥ ಒಂದು, ನೋಡುವವರು ಬಿಚ್ಚಿಕೊಳ್ಳುವ ಅರ್ಥ ಇನ್ನೊಂದು ಇರಬಹುದು. ಕೆಲವರು ಹೇಳಿದ್ದನ್ನು ಹಾಗೇ ಒಪ್ಪುತ್ತಾರೆ. ಕೆಲವರು ಸ್ವಲ್ಪ ಒಪ್ಪಿ ಸ್ವಲ್ಪ ತಮ್ಮ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ. ಕೆಲವರು ಪೂರ್ತಿ ಉಲ್ಟಾ ಓದುತ್ತಾರೆ. ಹುಬ್ಬಳ್ಳಿಯ ಹೆಂಗಸು ಆ ಅಡುಗೆಮನೆ ನೋಡಿ ‘ಇದ್ಯಾವ ಊರಿಂದು’ ಅಂತ ನಕ್ಕು, ಆದರೂ ಸಾಬೂನು ತಂದಿರಬಹುದು. ಎರಡೂ ನಿಜ.

ನಮ್ಮಲ್ಲಿ ಇಂಥ ಕೆಲಸವೇ ಆಗಿಲ್ಲ ಅಂದುಕೊಳ್ಳಬೇಡ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹ ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿದರು, ಸೈಟ್ ಪ್ರಯೋಗ ಅಂತ. ನಮ್ಮ ಕಲಬುರಗಿ ಕಡೆಯ ಹಳ್ಳಿಗಳೂ ಇದ್ದವು, ಕನ್ನಡದಲ್ಲೂ ಕಾರ್ಯಕ್ರಮ ಬಂದವು. ಸಂಶೋಧಕರು ಹಳ್ಳಿಗಳಲ್ಲೇ ಉಳಿದು ಯಾರು ನೋಡುತ್ತಾರೆ, ಯಾರು ಎದ್ದು ಹೋಗುತ್ತಾರೆ ಅಂತ ಬರೆದರು. ಆ ವರದಿಗಳನ್ನು ಓದು.

ಕನ್ನಡದಿಂದ ಏನು ಉಪಯೋಗ ಅಂದೆಯಲ್ಲ. ಬೆಳಗಾವಿ ಗಡಿ ವಿವಾದ ಭುಗಿಲೆದ್ದಾಗಲೆಲ್ಲ ನಾನು ಕ್ಲಾಸಿಗೆ ಅದೇ ದಿನದ ಒಂದು ಮರಾಠಿ ಪೇಪರ್, ಒಂದು ಕನ್ನಡ ಪೇಪರ್ ತಗೊಂಡು ಹೋಗುತ್ತಿದ್ದೆ. ಅದೇ ಬಸ್ಸಿಗೆ ಅದೇ ಕಲ್ಲು ಬಿದ್ದಿರುತ್ತದೆ. ಒಂದರಲ್ಲಿ ಕಲ್ಲು ಹೊಡೆದವರ ಫೋಟೊ, ಇನ್ನೊಂದರಲ್ಲಿ ಡ್ರೈವರ್ ಫೋಟೊ. ಎರಡನ್ನೂ ಓದಬಲ್ಲ ಮೇಷ್ಟ್ರು ಇಡೀ ಡಿಪಾರ್ಟ್‌ಮೆಂಟಿನಲ್ಲಿ ನಾನೊಬ್ಬನೇ. ಥಿಯರಿ ಎಲ್ಲರಿಗೂ ಬರುತ್ತದೆ, ಎರಡೂ ಕಡೆಯ ಪೇಪರ್ ಓದುವವರು ಎಷ್ಟು ಜನ ಸಿಗುತ್ತಾರೆ? ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ಕಲಿತ, ಮರಾಠಿಯಲ್ಲಿ ಜಾಹೀರಾತು ಬರೆಯುವ ನೀನು ಆ ಪಟ್ಟಿಯಲ್ಲಿ ಇದ್ದೀಯ. ಅದನ್ನೇ ಹಿಡಿದುಕೋ.

ಮಡಗಾಂವ್ ಸ್ಕಾಲರ್

ನಮಸ್ಕಾರ ಸರ್, ಒಂದೇ ಒಂದು ತಕರಾರು. ಎರಡು ಪೇಪರ್ ಪಕ್ಕ ಪಕ್ಕ ಇಟ್ಟು ಫೋಟೊ ತೋರಿಸೋದು ಕ್ಲಾಸಿಗೆ ಚೆನ್ನಾಗಿರುತ್ತದೆ, ಪಿಎಚ್‌ಡಿಗೆ ಸಾಲಲ್ಲ. ವೈವಾದಲ್ಲಿ (ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ) ‘ನಿಮಗೆ ಬೇಕಾದ ದಿನ ಆರಿಸಿಕೊಂಡಿರಿ’ ಅಂತ ಒಂದೇ ಮಾತಿನಲ್ಲಿ ಕೆಡವಿಬಿಡುತ್ತಾರೆ.

ಅಕ್ಕಾ, ನಾನು ಕಾರವಾರದವನು, ಗೋವಾದಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ವಿಷಯ ಕರ್ನಾಟಕ, ಗೋವಾ ನಡುವಿನ ಮಹದಾಯಿ ನೀರಿನ ಜಗಳ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟು ಕರ್ನಾಟಕಕ್ಕೆ 13.42 ಟಿಎಂಸಿ ಅಂದಿತು. ಆ ತೀರ್ಪಿನ ಹಿಂದೆ ಮುಂದೆ ಎರಡೂ ರಾಜ್ಯದ ಪೇಪರುಗಳಲ್ಲಿ ಬಂದ ಸುದ್ದಿಗಳನ್ನ ಒಂದೊಂದಾಗಿ ಹಾಳೆಗೆ ಇಳಿಸಬೇಕು. ಎಕ್ಸೆಲ್ ಶೀಟಿನಲ್ಲಿ ಕಾಲಂ ಹೀಗಿವೆ: ತಾರೀಖು, ಯಾವ ಪುಟ, ಮೊದಲು ಮಾತಾಡಿದವರು ಯಾರು, ನೀರು ಯಾವುದಕ್ಕೆ ಅಂತ ಹೇಳಿದ್ದಾರೆ, ಯಾವ ಊರಿನ ಹೆಸರು ಬಂದಿದೆ. ಕರ್ನಾಟಕದ ಕಡೆ ನರಗುಂದ, ನವಲಗುಂದ, ಹುಬ್ಬಳ್ಳಿ ಧಾರವಾಡದ ಕುಡಿಯುವ ನೀರು. ಇಲ್ಲಿ ಅಭಯಾರಣ್ಯ, ಕಾಡು, ಪಣಜಿಗೆ ನೀರು ಕೊಡುವ ಓಪಾ ಘಟಕ.

ನಾನೊಬ್ಬನೇ ತುಂಬಿದರೆ ಒಪ್ಪಲ್ಲ. ಇನ್ನೊಬ್ಬರೂ ಅದೇ ಸುದ್ದಿಗಳಲ್ಲಿ ಸ್ವಲ್ಪ ಭಾಗವನ್ನ ನನ್ನ ಶೀಟ್ ನೋಡದೆ ತುಂಬಬೇಕು, ಎರಡೂ ಎಷ್ಟು ಹೊಂದುತ್ತವೆ ಅಂತ ಲೆಕ್ಕ ಹಾಕಬೇಕು. ಕ್ರಿಪೆನ್‌ಡಾರ್ಫ್ ಆಲ್ಫಾ ಅಂತಾರೆ. 0.8 ಬಂದರೆ ನೆಮ್ಮದಿ, 0.667ಕ್ಕಿಂತ ಕೆಳಗೆ ಹೋದರೆ ಆ ಕಾಲಂ ಬಿಟ್ಟುಬಿಡಿ ಅಂತಲೇ ಲೆಕ್ಕ. ನಮ್ಮದು ಎಲ್ಲಿ ಸಿಕ್ಕಿಹಾಕಿಕೊಂಡಿತು ಗೊತ್ತಾ? ಮೊದಲು ಮಾತಾಡಿದವರು ಯಾರು ಅನ್ನೋ ಕಾಲಂನಲ್ಲಿ, ‘ರೈತ’ ಅನ್ನೋ ಪದದ ಹತ್ತಿರ. ನರಗುಂದದಲ್ಲಿ 2015ರಿಂದ ಧರಣಿ ಕೂತವರನ್ನ ನಾನು ರೈತ ಅಂತ ತುಂಬಿದೆ. ಕೊಂಕಣಿ ಮನೆಮಾತಿನ ನನ್ನ ಗೆಳತಿ ಹೋರಾಟಗಾರ ಅಂತ ತುಂಬಿದಳು. ಕನ್ನಡ ಪೇಪರ್ ಓದಿ ಬೆಳೆದ ನನಗೆ ಅದು ಎರಡಲ್ಲ, ಒಂದೇ. ಇದು ಗೊತ್ತಾಗಿದ್ದು ಥಿಯರಿಯಿಂದ ಅಲ್ಲ, ಒಂದು ಕಾಲಂ ಕೈಕೊಟ್ಟಿದ್ದರಿಂದ. ಆಮೇಲೆ ಕೂತು ನಿಯಮ ಬರೆದೆವು: ಸುದ್ದಿಯಲ್ಲಿ ಸಂಘಟನೆಯ ಹುದ್ದೆ ಹೇಳಿದ್ದರೆ ಹೋರಾಟಗಾರ, ಬರೀ ಊರಿನ ಹೆಸರಿದ್ದರೆ ರೈತ.

ನಿಮ್ಮ ಸಾಬೂನಿನ ಪ್ರಶ್ನೆಗೆ ಮಾತ್ರ ಇದು ಆಗಲ್ಲ. ಅದಕ್ಕೆ ಮನೆಗೇ ಹೋಗಿ ಕೂರಬೇಕು. ಇಸ್ರೇಲಿನಲ್ಲಿ ಲೀಬ್ಸ್ ಮತ್ತು ಕಾಟ್ಜ್ ಅನ್ನೋರು ಹಾಗೇ ಮಾಡಿದರು. ಡಲ್ಲಾಸ್ ಅನ್ನೋ ಅಮೆರಿಕನ್ ಧಾರಾವಾಹಿಯನ್ನ ಅರಬ್ಬರು, ಮೊರಾಕ್ಕೊದಿಂದ ಬಂದವರು, ರಷ್ಯಾದಿಂದ ಬಂದವರು ಎಲ್ಲರ ಮನೆಯಲ್ಲಿ ಅವರ ಗೆಳೆಯರನ್ನ ಸೇರಿಸಿ ನೋಡಿಸಿ, ಆಮೇಲೆ ‘ಕಥೆ ಹೇಳಿ’ ಅಂದರು. ಕೆಲವರು ಮನೆತನದ ಕಥೆಯಾಗಿ ಹೇಳಿದರು, ರಷ್ಯಾದವರು ‘ಇದನ್ನ ಮಾಡಿದವರಿಗೆ ಏನೋ ಉದ್ದೇಶ ಇದೆ’ ಅಂತ ಅನುಮಾನ ಪಟ್ಟರು. ವಾಸ್ಕೋದ ಬೈನಾ ಕಡೆ ಉತ್ತರ ಕರ್ನಾಟಕದ ಮನೆಗಳಲ್ಲಿ ರಾತ್ರಿ ಕನ್ನಡ ಧಾರಾವಾಹಿ ನೋಡುವಾಗ ನೀವು ಒಂದು ಸಲ ಬಂದು ಕೂತರೆ, ನಡುವೆ ಬರುವ ನಿಮ್ಮದೇ ಜಾಹೀರಾತಿಗೆ ಅವರು ಏನಂತಾರೆ ಅಂತ ಕಿವಿಯಾರೆ ಕೇಳಬಹುದು. ಬೈಗುಳಕ್ಕೂ ರೆಡಿಯಾಗಿ ಬನ್ನಿ.

ಮಾಟುಂಗಾ ಹಳೇ ಮೇಷ್ಟ್ರು

ಲೆಕ್ಕ ಬೇಡ ಅಂತ ನಾನೆಲ್ಲಿ ಹೇಳಿದೆ ಮಾರಾಯ. ಆದರೆ ಈಗಿನ ಹುಡುಗರು ಆಲ್ಫಾ 0.8 ಬಂದ ಕೂಡಲೇ ಸಂಶೋಧನೆ ಮುಗಿಯಿತು ಅಂದುಕೊಳ್ಳುತ್ತಾರೆ. ನಿನ್ನ ರೈತ-ಹೋರಾಟಗಾರ ಗೊಂದಲವೇ ಥೀಸಿಸ್‌ನ ಒಳ್ಳೆಯ ಅಧ್ಯಾಯ, ಅದನ್ನು ಅಡಿಟಿಪ್ಪಣಿಗೆ ತಳ್ಳಬೇಡ.

ಹೆಸರು ಬೇಡ, ಪುಣೆ

ಹೊರದೇಶದ ದಾರಿಯನ್ನೂ ಯಾರಾದ್ರೂ ಹೇಳಬೇಕಲ್ಲ. ನನ್ನ ಅಕ್ಕ ಅಮೆರಿಕದಲ್ಲಿ ಇದೇ ವಿಷಯದ ಪ್ರೊಫೆಸರ್. ಅಲ್ಲಿ ಕಮ್ಯುನಿಕೇಶನ್ ಅಂದರೆ ಪತ್ರಿಕೋದ್ಯಮ ಮಾತ್ರ ಅಲ್ಲ, ಇಂಟರ್‌ಕಲ್ಚರಲ್‌ಗೆ ಬೇರೆಯೇ ಹುದ್ದೆ ಕರೆಯುತ್ತಾರೆ. ನಮ್ಮಲ್ಲಿ ಹುದ್ದೆಯ ಜಾಹೀರಾತು ಬರೋದು ಮಾಸ್ ಕಮ್ಯುನಿಕೇಶನ್ ಅಂತ, ಒಳಗೆ ಹೋದ ಮೇಲೆ ನಿಮ್ಮ ವಿಷಯಕ್ಕೆ ಜಾಗ ನೀವೇ ಮಾಡಿಕೊಳ್ಳಬೇಕು. ಅವಳು ಪಿಎಚ್‌ಡಿ ಮಾಡುವಾಗ ಫೀಸು ಕಟ್ಟಲಿಲ್ಲ, ಬದಲಿಗೆ ಮೊದಲ ವರ್ಷದ ಮಕ್ಕಳಿಗೆ ಭಾಷಣ ಮಾಡೋದು ಹೇಗೆ ಅಂತ ಪಾಠ ಮಾಡಿದಳು. ಧಾರವಾಡದ ಹುಡುಗಿ ಅಮೆರಿಕನ್ನರಿಗೆ ಇಂಗ್ಲಿಷ್ ಭಾಷಣ ಕಲಿಸಿದ್ದು ನಮ್ಮಪ್ಪ ಇವತ್ತಿಗೂ ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗ್ತಾರೆ.

ಕೆಲಸ ಸಿಕ್ಕ ಮೇಲೆ ಆರನೇ ವರ್ಷದ ಹೊತ್ತಿಗೆ ಟೆನ್ಯೂರ್, ಅಂದ್ರೆ ಕೆಲಸ ಕಾಯಂ ಮಾಡೋ ತೀರ್ಮಾನ. ಪಾಠ, ಪ್ರಕಟಣೆ, ಕಮಿಟಿ ಕೆಲಸ ಮೂರನ್ನೂ ತೂಗಿ ನೋಡ್ತಾರೆ, ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಆ ವರ್ಷ ಅವಳು ಫೋನ್ ಮಾಡಿದಾಗಲೆಲ್ಲ ಅಳುತ್ತಿದ್ದಳು. ಅಲ್ಲೂ ಗಂಟೆ ಲೆಕ್ಕದ ಮೇಷ್ಟ್ರುಗಳು ಇದ್ದಾರೆ, ಹೆಸರು ಮಾತ್ರ ಬೇರೆ, ಅಡ್ಜಂಕ್ಟ್ ಅಂತಾರೆ.

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮೆರಿಕ ಸದ್ಯಕ್ಕೆ ಬೇಡ, ಅಮ್ಮನ ಮಂಡಿನೋವು ಬಿಟ್ಟು ಹೋಗೋಕೆ ಆಗಲ್ಲ. ಸರ್, ಬರ್ಮಿಂಗ್‌ಹ್ಯಾಮ್ ಹಾಲ್ ಬಗ್ಗೆ ನೀವು ಹೇಳಿದ್ದು ಓದಿ ಆ ಹುಡುಗಿಗೆ ಮೆಸೇಜ್ ಹಾಕಿದೆ. ಅವಳು ‘ಮ್ಯಾಮ್, ಇದು ಸಿಲಬಸ್‌ನಲ್ಲಿ ಇದೆ, ನಾವು ನೋಟ್ಸ್ ಬರ್ಕೊಂಡಿದ್ದೀವಿ’ ಅಂದಳು!

ಒಂದು ಪ್ರಶ್ನೆ ಉಳಿದಿದೆ. ಕೆಲಸ ಬಿಡದೆ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಬಹುದಾ? ನೆಟ್ ಅಂಕದ ಮೇಲೆ ಅಡ್ಮಿಷನ್ ಅಂತ ಎಲ್ಲೋ ಓದಿದೆ. ಮತ್ತೆ ದುಡ್ಡು ಕೊಟ್ಟರೆ ಒಂದು ವಾರದಲ್ಲಿ ಪೇಪರ್ ಪ್ರಕಟಿಸ್ತೀವಿ ಅಂತ ಈಗಲೇ ಮೇಲ್ ಬರ್ತಿವೆ, ನನ್ನ ಅಡ್ರೆಸ್ ಇವರಿಗೆ ಹೇಗೆ ಸಿಕ್ಕಿತೋ.

ಕೋಥ್ರೂಡ್ ಮೇಷ್ಟ್ರು

ಆ ಮೇಲುಗಳನ್ನು ಹಾಗೇ ಡಿಲೀಟ್ ಮಾಡಿ. ಮೊದಲು ಒಪ್ಪಬಹುದಾದ ಜರ್ನಲ್‌ಗಳದ್ದು ಯುಜಿಸಿಯ ಕೇರ್ ಪಟ್ಟಿ ಅಂತ ಇತ್ತು, 2025ರಲ್ಲಿ ಅದನ್ನು ಕೈಬಿಟ್ಟರು. ಈಗ ಯಾವ ಜರ್ನಲ್ ಒಳ್ಳೇದು ಅಂತ ನೀವೇ ತೂಗಿ ನೋಡಬೇಕು. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಅವರು ನಿಜವಾಗಿ ಇದ್ದಾರಾ ಅಂತ ನೋಡಿ. ವಾರದಲ್ಲಿ ರಿವ್ಯೂ ಮುಗಿಸುವವರು ರಿವ್ಯೂ ಮಾಡಿರಲ್ಲ.

ಪಾರ್ಟ್‌ಟೈಮ್ ಆಗುತ್ತದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಅವಕಾಶ ಇದೆ. ನಿಮ್ಮ ಕಂಪನಿಯಿಂದ ಎನ್‌ಒಸಿ ಬೇಕು, ಓದೋಕೆ ಸಮಯ ಕೊಡ್ತೀವಿ, ಕೋರ್ಸ್‌ವರ್ಕ್‌ಗೆ ಬೇಕಾದರೆ ಡ್ಯೂಟಿಯಿಂದ ಬಿಡ್ತೀವಿ ಅಂತ ಅದರಲ್ಲಿ ಇರಬೇಕು. ‘ಹೋಗಿ ಬನ್ನಿ ನೋಡೋಣ’ ಅಂತ ಬಾಸ್ ಬಾಯಲ್ಲಿ ಹೇಳಿದ್ದು ನಡೆಯಲ್ಲ, ಎಚ್‌ಆರ್ ಸಹಿ ಮಾಡಿದ ಕಾಗದ ತಗೊಳ್ಳಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಜಾಸ್ತಿ ಕೊಡಬಹುದು. ಜೆಆರ್‌ಎಫ್ ಬರದೆ ಬರೀ ನೆಟ್ ಮೇಲೆ ಅಡ್ಮಿಷನ್ ಆದರೆ 70 ಪರ್ಸೆಂಟ್ ನೆಟ್ ಅಂಕ, 30 ಇಂಟರ್‌ವ್ಯೂ. ಆದರೆ ಹೀಗೆ ಪಾಸಾದವರಿಗೆ ಪಿಎಚ್‌ಡಿ ಅಡ್ಮಿಷನ್‌ಗೆ ಆ ಅಂಕ ಒಂದೇ ವರ್ಷ ನಡೆಯುತ್ತದೆ, ರಿಸಲ್ಟ್ ಬಂದ ಮೇಲೆ ಆರಾಮ ಕೂರಬೇಡಿ.

ಗೈಡ್ ಹುಡುಕೋದು ಈಗಲೇ ಶುರು ಮಾಡಿ. ಪ್ರೊಫೆಸರ್ ಎಂಟು ಜನರನ್ನ ತಗೋಬಹುದು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು, ಅಷ್ಟೇ. ಒಳ್ಳೆಯವರ ಹತ್ತಿರ ಜಾಗ ಖಾಲಿ ಇರಲ್ಲ. ಮರಾಠಿ ಕನ್ನಡ ಎರಡೂ ಬರುವ ಗೈಡ್ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ವಿಧಾನ ಗೊತ್ತಿರೋರು ಸಿಕ್ಕರೆ ಸಾಕು. ಹೋಗುವಾಗ ಒಂದು ಪುಟ ಬರೆದುಕೊಂಡು ಹೋಗಿ, ಅದರಲ್ಲಿ ಆ ಅಡುಗೆಮನೆ ಜಾಹೀರಾತಿನ ಹಿಂದಿ, ಕನ್ನಡ, ಮರಾಠಿ ಸ್ಕ್ರಿಪ್ಟ್ ಮೂರನ್ನೂ ಪಕ್ಕ ಪಕ್ಕ ಹಾಕಿ. ಕಂಪನಿ ಹೆಸರು, ಬ್ರಾಂಡ್ ಹೆಸರು ಅಳಿಸಿ, ಇಲ್ಲಾಂದ್ರೆ ಎನ್‌ಒಸಿ ಕೊಡೋ ಎಚ್‌ಆರ್ ನೋಟಿಸ್ ಕೊಟ್ಟಾರು.